ಖುಜಂದ್: ಸಿರ್ ದರ್ಯಾ ದಂಡೆಯ ಈ ಊರು ಎಲ್ಲರಿಗೂ ಯಾಕೆ ಬೇಕಿತ್ತು?

2025ರ ಮಾರ್ಚ್ 31ರಂದು ತಜಕಿಸ್ತಾನ, ಉಜ್ಬೇಕಿಸ್ತಾನ ಮತ್ತು ಕಿರ್ಗಿಸ್ತಾನದ ಅಧ್ಯಕ್ಷರು ತಜಕಿಸ್ತಾನದ ಖುಜಂದ್ ಎಂಬ ಊರಿನಲ್ಲಿ ಸೇರಿ, ತಮ್ಮ ಮೂರೂ ದೇಶಗಳ ಗಡಿ ಕೂಡುವ ಜಾಗ ಯಾವುದು ಎಂಬ ಒಪ್ಪಂದಕ್ಕೆ ಸಹಿ ಹಾಕಿದರು. ಸುದ್ದಿ ಓದಿದವರಿಗೆ ಎರಡು ಪ್ರಶ್ನೆ ಎದ್ದಿರಬಹುದು. ಸೋವಿಯತ್ ಒಕ್ಕೂಟ ಒಡೆದು 33 ವರ್ಷ ಕಳೆದರೂ ಈ ದೇಶಗಳಿಗೆ ತಮ್ಮ ಎಲ್ಲೆ ಎಲ್ಲಿದೆ ಎಂಬುದೇ ಇತ್ಯರ್ಥವಾಗಿರಲಿಲ್ಲವೇ? ಮೂರು ರಾಜಧಾನಿಗಳಿರುವಾಗ, ಸುಮಾರು ಎರಡು ಲಕ್ಷ ಜನರಿರುವ ಈ ಊರೇ ಯಾಕೆ?

ಎರಡಕ್ಕೂ ಉತ್ತರ ಸಿಗುವುದು ಖುಜಂದ್ ನಿಂತಿರುವ ನೆಲದಲ್ಲಿ. ಈ ಊರು ಯಾವ ದೊಡ್ಡ ಸಾಮ್ರಾಜ್ಯಕ್ಕೂ ರಾಜಧಾನಿಯಾಗಿರಲಿಲ್ಲ. ಸಮರ್ಕಂದ್, ಬುಖಾರಾಗಳ ಹಾಗೆ ಪ್ರವಾಸಿಗರನ್ನು ಸೆಳೆಯುವ ನೀಲಿ ಗುಮ್ಮಟಗಳ ಸಾಲೂ ಇಲ್ಲಿಲ್ಲ. ಆದರೆ ಅಲೆಕ್ಸಾಂಡರನಿಂದ ಹಿಡಿದು ಸ್ಟಾಲಿನ್ ಕಾಲದವರೆಗೆ, ಈ ಭಾಗದಲ್ಲಿ ಅಧಿಕಾರ ನಡೆಸಿದವರೆಲ್ಲ ಇದನ್ನು ಕೈಯಲ್ಲಿಟ್ಟುಕೊಳ್ಳಲು ಹೆಣಗಿದರು.

ಮೊದಲು ನಕ್ಷೆ

ಮಧ್ಯ ಏಷ್ಯಾ ಎಂದಾಗ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಐದು ದೇಶಗಳು: ಕಜಕಸ್ತಾನ, ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನ, ಕಿರ್ಗಿಸ್ತಾನ, ತಜಕಿಸ್ತಾನ. 1991ರವರೆಗೆ ಐದೂ ಸೋವಿಯತ್ ಒಕ್ಕೂಟದ ಭಾಗ. ಇಲ್ಲಿ ನೆಲ ಬಹುಪಾಲು ಹುಲ್ಲುಗಾವಲು, ಮರುಭೂಮಿ, ಇಲ್ಲವೇ ಬೆಟ್ಟ. ಮಳೆಯನ್ನೇ ನೆಚ್ಚಿಕೊಂಡು ಬೇಸಾಯ ಮಾಡಬಹುದಾದ ಜಾಗ ಕಡಿಮೆ. ಬೆಟ್ಟದ ಹಿಮ ಕರಗಿ ಬರುವ ನೀರೇ ಗತಿ. ಆ ನೀರನ್ನು ಬಯಲಿಗೆ ತರುವ ದೊಡ್ಡ ನದಿಗಳು ಎರಡು, ದಕ್ಷಿಣಕ್ಕೆ ಅಮು ದರ್ಯಾ, ಉತ್ತರಕ್ಕೆ ಸಿರ್ ದರ್ಯಾ. ಗ್ರೀಕರು ಸಿರ್ ದರ್ಯಾವನ್ನು ಯಾಕ್ಸಾರ್ಟಿಸ್ ಎಂದರು, ಅರಬರು ಸೈಹೂನ್ ಎಂದರು.

ಕಿರ್ಗಿಸ್ತಾನದ ಬೆಟ್ಟಗಳಿಂದ ಇಳಿಯುವ ನರೀನ್ ಮತ್ತು ಕರಾ ದರ್ಯಾ ನದಿಗಳು ಉಜ್ಬೇಕಿಸ್ತಾನದ ನಮಂಗಾನ್ ಹತ್ತಿರ ಕೂಡುತ್ತವೆ. ಸಿರ್ ದರ್ಯಾ ಎಂಬ ಹೆಸರು ಬರುವುದು ಅಲ್ಲಿಂದ ಮುಂದೆ. ಅದು ತಜಕಿಸ್ತಾನವನ್ನು ಹಾದು, ಮತ್ತೆ ಉಜ್ಬೇಕಿಸ್ತಾನಕ್ಕೆ ಹೊಕ್ಕು, ಕಜಕಸ್ತಾನದ ಬಯಲಿನಲ್ಲಿ ಹರಿದು ಅರಲ್ ಸಮುದ್ರದ ಕಡೆ ಹೋಗುತ್ತದೆ. ಒಟ್ಟು ಹರಿವು 2,200 ಕಿ.ಮೀ.ಗೂ ಹೆಚ್ಚು.

ನದಿಯ ಮೊದಲ ಭಾಗ ಫರ್ಗಾನಾ ಕಣಿವೆಯಲ್ಲಿದೆ. ಕಣಿವೆ ಎಂದ ಕೂಡಲೇ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗ ಎಂದುಕೊಳ್ಳಬೇಡಿ. ಇದು ಸುಮಾರು 300 ಕಿ.ಮೀ. ಉದ್ದದ, 22,000 ಚದರ ಕಿ.ಮೀ. ವಿಸ್ತಾರದ ಫಲವತ್ತಾದ ಬಯಲು. ಮಧ್ಯ ಏಷ್ಯಾದಲ್ಲೇ ಅತಿ ಹೆಚ್ಚು ಜನದಟ್ಟಣೆ ಇರುವ ಪ್ರದೇಶಗಳಲ್ಲಿ ಒಂದು. ಉತ್ತರಕ್ಕೆ ತಿಯಾನ್ ಶಾನ್ ಶ್ರೇಣಿಯ ಬೆಟ್ಟಗಳು, ದಕ್ಷಿಣಕ್ಕೆ ಅಲಾಯ್ ಮತ್ತು ತುರ್ಕಿಸ್ತಾನ್ ಸಾಲು, ಪೂರ್ವದಲ್ಲೂ ಬೆಟ್ಟವೇ. ಪಶ್ಚಿಮದಲ್ಲಿ ಮಾತ್ರ ಒಂದು ಸಪಾಟಾದ ಕಿಂಡಿ. ಅಡ್ಡ ಮಲಗಿಸಿದ ಬಿಂದಿಗೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೊಟ್ಟೆ ಪೂರ್ವಕ್ಕೆ, ಬಾಯಿ ಪಶ್ಚಿಮಕ್ಕೆ. ಖುಜಂದ್ ಇರುವುದು ಬಿಂದಿಗೆಯ ಕುತ್ತಿಗೆಯಲ್ಲಿ.

ಒಳಗಿನ ನೀರು ಹೊರಗೆ ಹೋಗುವುದು ಇಲ್ಲಿಂದಲೇ. ಸಮರ್ಕಂದ್ ಕಡೆಯಿಂದ ಚೀನಾದ ಕಾಶ್ಗರ್ ಕಡೆಗೆ ಸರಕು ಸಾಗಿಸುತ್ತಿದ್ದ ವ್ಯಾಪಾರಿಗಳಿಗೆ ಬೆಟ್ಟ ಹತ್ತದೆ ಕಣಿವೆಯೊಳಗೆ ಹೋಗಲು ಇದ್ದ ಸಲೀಸಾದ ದಾರಿ ಇದೇ. ರೇಷ್ಮೆ ರಸ್ತೆ ಎಂದು ನಾವು ಇಂದು ಕರೆಯುವುದು ಒಂದೇ ರಸ್ತೆಯಲ್ಲ, ಹಲವು ದಾರಿಗಳ ಜಾಲ. ಅದರ ಒಂದು ಮುಖ್ಯ ಎಳೆ ಖುಜಂದ್ ಮೂಲಕ ಹಾದುಹೋಗುತ್ತಿತ್ತು.

ಅಲೆಕ್ಸಾಂಡರನ ಕೊನೆಯ ಗಡಿ

ಕ್ರಿ.ಪೂ. 329. ಪರ್ಷಿಯನ್ ಸಾಮ್ರಾಜ್ಯವನ್ನು ಮುರಿದ ಅಲೆಕ್ಸಾಂಡರ್ ಅದರ ಈಶಾನ್ಯ ಅಂಚಿನವರೆಗೂ ಬಂದಿದ್ದ. ಆ ಅಂಚೇ ಈ ನದಿ. ಆಚೆ ದಡದಲ್ಲಿ ಕುದುರೆ ಸವಾರರಾದ ಶಕರ ನಾಡು. ಭಾರತದ ಇತಿಹಾಸದಲ್ಲಿ ಮುಂದೆ ಬರುವ ಶಕರು ಇದೇ ಬಳಗದ ಜನ. ನದಿ ದಂಡೆಯಲ್ಲಿ ಅಲೆಕ್ಸಾಂಡರ್ ಒಂದು ಕೋಟೆಯೂರು ಕಟ್ಟಿಸಿದ. ತನ್ನ ಹೆಸರಿನ ಹಲವು ಊರುಗಳಲ್ಲಿ ಇದಕ್ಕೆ ಮಾತ್ರ ಅಲೆಕ್ಸಾಂಡ್ರಿಯಾ ಎಸ್ಖಾಟೆ, ಅಂದರೆ ಕಟ್ಟಕಡೆಯ ಅಲೆಕ್ಸಾಂಡ್ರಿಯಾ ಎಂಬ ಹೆಸರು ಬಂತು. ಗೋಡೆ ಎಬ್ಬಿಸಲು 17 ದಿನ ಹಿಡಿಯಿತು ಎಂದು ರೋಮನ್ ಕಾಲದ ಒಬ್ಬ ಲೇಖಕ ಬರೆದರೆ, 20 ದಿನ ಎಂದು ಇನ್ನೊಬ್ಬ ಬರೆದಿದ್ದಾನೆ. ಯಾವುದೇ ಆಗಲಿ, ಅವಸರದ ಕೆಲಸ. ಹಾಗಾಗಿ ಅದು ಮಣ್ಣಿನ ಗೋಡೆಯೇ ಆಗಿದ್ದಿರಬೇಕು. ಸೈನ್ಯದಲ್ಲಿ ಇನ್ನು ದುಡಿಯಲಾಗದ ಸೈನಿಕರು, ಗ್ರೀಕ್ ಕೂಲಿಪಡೆಯವರು ಮತ್ತು ಬರಲೊಪ್ಪಿದ ಸುತ್ತಲಿನ ಜನ ಅದರ ಮೊದಲ ನಿವಾಸಿಗಳು.

ಆಚೆ ದಡದ ಶಕರು ಸುಮ್ಮನಿರಲಿಲ್ಲ. ನದಿ ದಾಟಿ ಬಾ ನೋಡೋಣ ಎಂದು ಕೂಗಿ ಕೆಣಕಿದರು. ಅಲೆಕ್ಸಾಂಡರ್ ದಡದಲ್ಲಿ ಕವಣೆಯಂತ್ರಗಳನ್ನು ನಿಲ್ಲಿಸಿದ. ಅಷ್ಟು ದೂರದಿಂದ ಹಾರಿ ಬಂದ ಬಾಣ ಒಬ್ಬ ಸವಾರನ ಗುರಾಣಿಯನ್ನೂ ಕವಚವನ್ನೂ ತೂರಿ ಕೆಡವಿದ್ದನ್ನು ಕಂಡು ಉಳಿದವರು ಹಿಂದೆ ಸರಿದರು. ಆ ಹೊತ್ತಿನಲ್ಲಿ ಸೈನಿಕರು ಡೇರೆಯ ಚರ್ಮಗಳಲ್ಲಿ ಒಣ ಹುಲ್ಲು ತುಂಬಿ ಹೊಲಿದ ತೆಪ್ಪಗಳ ಮೇಲೆ ನದಿ ದಾಟಿದರು. ಗೆಲುವು ಗ್ರೀಕರದ್ದೇ. ಆದರೆ ಓಡಿಹೋದವರನ್ನು ಬಿಸಿಲಲ್ಲಿ ಬೆನ್ನಟ್ಟುವಾಗ ಅಲೆಕ್ಸಾಂಡರ್ ಸಿಕ್ಕಿದ ಕೆಟ್ಟ ನೀರು ಕುಡಿದ. ಭೇದಿ ಹತ್ತಿ, ಬೆನ್ನಟ್ಟುವುದನ್ನು ಅಲ್ಲಿಗೇ ಬಿಟ್ಟು ಶಿಬಿರಕ್ಕೆ ಹೊತ್ತು ತರಬೇಕಾಯಿತು.

ಆ ಊರು ಇಂದಿನ ಖುಜಂದೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಇಲ್ಲಿನ ಹಳೆಯ ಕೋಟೆದಿನ್ನೆಯನ್ನು ಸೋವಿಯತ್ ಪುರಾತತ್ವಜ್ಞರು ಅಗೆದಾಗ ಆ ಕಾಲಕ್ಕೆ ಹೊಂದುವ ಪದರಗಳು ಕೆಳಗೆ ಸಿಕ್ಕವು.

ವ್ಯಾಪಾರಿಗಳು ಉಳಿದರು, ಉಳಿದವರು ಸತ್ತರು

ಗ್ರೀಕರ ನಂತರ ಈ ಭಾಗದಲ್ಲಿ ವ್ಯಾಪಾರದ ಬೆನ್ನೆಲುಬಾದವರು ಸೋಗ್ದಿಯನ್ನರು. ಇವರು ಪರ್ಷಿಯನ್ನಿಗೆ ಹತ್ತಿರದ ಭಾಷೆಯಾಡುತ್ತಿದ್ದ ಜನ. ಸಮರ್ಕಂದ್ ಸುತ್ತ ಇವರ ಮೂಲ. ಚೀನಾದವರೆಗೂ ಇವರ ವ್ಯಾಪಾರಿ ಕೇರಿಗಳಿದ್ದವು. ಖುಜಂದ್ ಇರುವ ಪ್ರಾಂತ್ಯಕ್ಕೆ ಈಗ ಸುಗ್ದ್ ಎಂಬ ಹೆಸರಿರುವುದು ಅವರ ನೆನಪಿನಲ್ಲೇ.

8ನೇ ಶತಮಾನದಲ್ಲಿ ಅರಬ್ ಸೈನ್ಯಗಳು ಬಂದಾಗ ಸೋಗ್ದಿಯನ್ನರು ಮತ್ತೆ ಮತ್ತೆ ದಂಗೆಯೆದ್ದರು. 722ರಲ್ಲಿ ತೆರಿಗೆ, ದಂಡನೆಗಳಿಗೆ ಹೆದರಿದ ದೊಡ್ಡ ಗುಂಪೊಂದು ಮನೆಮಠ ಬಿಟ್ಟು ಫರ್ಗಾನಾದ ಕಡೆ ಹೊರಟು ಖುಜಂದ್ ತಲುಪಿತು. ಒಳಗೆ ಹೋಗಿಬಿಟ್ಟರೆ ಬದುಕಿಕೊಳ್ಳಬಹುದು ಎಂಬ ಲೆಕ್ಕ. ಅರಬ್ ರಾಜ್ಯಪಾಲ ಅವರನ್ನು ಇಲ್ಲೇ ಮುತ್ತಿದ. ಶರಣಾದ ಮೇಲೆ ಸಾವಿರಾರು ಜನರ ಕೊಲೆಯಾಯಿತು. ಚೀನಾದಿಂದ ಸರಕು ತಂದಿದ್ದ ಕೆಲವು ನೂರು ವ್ಯಾಪಾರಿಗಳನ್ನು ಮಾತ್ರ ಬೇರೆ ನಿಲ್ಲಿಸಿ ಜೀವಸಹಿತ ಬಿಟ್ಟರು ಎಂದು ಅರಬ್ ಇತಿಹಾಸ ಹೇಳುತ್ತದೆ. ಯಾರು ಆಳಿದರೂ ದಾರಿ ನಡೆಯಬೇಕು, ಸುಂಕ ಬರಬೇಕು ಎಂಬುದು ಆಗಲೂ ಗೊತ್ತಿದ್ದ ವಿಚಾರ.

ಮುಂದಿನ ಎರಡು ಮೂರು ಶತಮಾನಗಳಲ್ಲಿ ಊರು ಇಸ್ಲಾಮಿಗೆ ಬಂತು, ಸೋಗ್ದಿಯನ್ ಭಾಷೆ ಹಿಂದೆ ಸರಿದು ಪರ್ಷಿಯನ್ ನೆಲೆಯಾಯಿತು. ಇಂದಿನ ತಾಜಿಕ್ ಭಾಷೆ ಪರ್ಷಿಯನ್ನಿನದೇ ಒಂದು ರೂಪ, ಬರೆಯುವುದು ಮಾತ್ರ ರಷ್ಯನ್ನರಿಂದ ಬಂದ ಸಿರಿಲಿಕ್ ಲಿಪಿಯಲ್ಲಿ. ಸುತ್ತಲಿನ ಉಜ್ಬೆಕ್, ಕಿರ್ಗಿಜ್ ಭಾಷೆಗಳು ತುರ್ಕಿ ಕುಟುಂಬದವು. ಮುಂದೆ ಗಡಿಯ ಜಗಳ ಬಂದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಊರಿನ ಹೆಸರು ಹೊತ್ತು ಹೊರಗೆ ಬೆಳಗಿದವರಲ್ಲಿ ಖಗೋಳಶಾಸ್ತ್ರಜ್ಞ ಅಬು ಮಹಮೂದ್ ಅಲ್-ಖುಜಂದಿ ಒಬ್ಬ. 994ರಲ್ಲಿ ಇರಾನಿನ ರೇ ನಗರದಲ್ಲಿ ಸುಮಾರು 20 ಮೀಟರ್ ತ್ರಿಜ್ಯದ ಕಲ್ಲಿನ ಕಮಾನು ಕಟ್ಟಿಸಿ, ಅದರ ಮೇಲೆ ಬೀಳುವ ಸೂರ್ಯನ ಬೆಳಕಿನಿಂದ ಭೂಮಿಯ ಅಕ್ಷದ ವಾಲುವಿಕೆಯನ್ನು ಅಳೆದವನು.

ತೈಮೂರ್ ಮಲಿಕ್‌ನ ದೋಣಿಗಳು

ಖುಜಂದ್‌ನಲ್ಲಿ ಇಂದಿಗೂ ಹೆಮ್ಮೆಯಿಂದ ಹೇಳುವ ಕಥೆ ಸೋತವನದ್ದು. 1219ರಲ್ಲಿ ಚಂಗೀಸ್ ಖಾನ್ ಮಧ್ಯ ಏಷ್ಯಾದ ಮೇಲೆ ದಂಡೆತ್ತಿ ಬಂದಾಗ ಖುಜಂದ್‌ನ ಅಧಿಪತಿ ತೈಮೂರ್ ಮಲಿಕ್. ನೂರೈವತ್ತು ವರ್ಷ ಬಿಟ್ಟು ಬರುವ ತೈಮೂರನಿಗೂ ಇವನಿಗೂ ಸಂಬಂಧವಿಲ್ಲ. ಊರನ್ನು ಉಳಿಸಿಕೊಳ್ಳಲಾಗದು ಎಂದು ಅರಿತ ಇವನು ಸುಮಾರು ಒಂದು ಸಾವಿರ ಜನರೊಂದಿಗೆ ನದಿಯ ನಡುವಿನ ದ್ವೀಪದ ಕೋಟೆಗೆ ಹೋದ. ಅಲ್ಲಿ ನದಿ ಎರಡಾಗಿ ಸೀಳಿ ಹರಿಯುತ್ತಿತ್ತು. ದಡದಿಂದ ಬಿಟ್ಟ ಬಾಣ, ಕಲ್ಲು ಕೋಟೆಗೆ ತಲುಪುತ್ತಿರಲಿಲ್ಲ.

ಅದೇ ಶತಮಾನದ ಪರ್ಷಿಯನ್ ಇತಿಹಾಸಕಾರ ಜುವೈನಿ ಮುಂದಿನದನ್ನು ವಿವರವಾಗಿ ಬರೆದಿದ್ದಾನೆ. ಮೊಂಗೋಲರು ಬೇರೆ ಊರುಗಳಿಂದ ಹಿಡಿದು ತಂದಿದ್ದ ಐವತ್ತು ಸಾವಿರ ಸೆರೆಯಾಳುಗಳನ್ನು ಹತ್ತು ಹತ್ತು ಜನರ ಗುಂಪು ಮಾಡಿ, ದೂರದ ಬೆಟ್ಟದಿಂದ ಕಲ್ಲು ಹೊರಿಸಿದರು. ಆ ಕಲ್ಲುಗಳನ್ನು ಕುದುರೆ ಸವಾರರು ನದಿಗೆ ಹಾಕುತ್ತಾ ದ್ವೀಪದವರೆಗೆ ಒಡ್ಡು ಕಟ್ಟಲು ಹೊರಟರು. ತೈಮೂರ್ ಮಲಿಕ್ ಮೇಲ್ಮುಚ್ಚಿಗೆ ಇರುವ ಹನ್ನೆರಡು ದೋಣಿಗಳನ್ನು ಮಾಡಿಸಿದ್ದ. ಅವುಗಳ ಮೇಲೆ ಒದ್ದೆ ಉಣ್ಣೆಗಂಬಳಿ ಹೊದಿಸಿ, ಅದಕ್ಕೆ ವಿನಿಗರ್ ಕಲಸಿದ ಜೇಡಿಮಣ್ಣು ಮೆತ್ತಿಸಿದ. ಬೆಂಕಿ ಬಾಣ ತಗುಲಿದರೂ ಹತ್ತಿಕೊಳ್ಳದಿರಲಿ ಎಂಬ ಉಪಾಯ. ಪಕ್ಕದಲ್ಲಿ ಬಾಣ ಬಿಡಲು ಸಣ್ಣ ಕಿಂಡಿಗಳು. ದಿನಾ ನಸುಕಿನಲ್ಲಿ ಎರಡೂ ದಡಗಳ ಕಡೆ ದೋಣಿಗಳು ಹೊರಡುವವು, ಮೊಂಗೋಲರು ಹಾಕಿದ ಕಲ್ಲುಗಳನ್ನು ಕೆಡವಿ ಹಿಂತಿರುಗುವವು.

ಎಷ್ಟು ದಿನ ನಡೆದೀತು? ಕೊನೆಗೆ ಒಂದು ರಾತ್ರಿ ಎಪ್ಪತ್ತು ದೋಣಿಗಳಲ್ಲಿ ಜನ, ಸಾಮಾನು ಎಲ್ಲ ಹೇರಿ, ಪಂಜು ಹಚ್ಚಿಕೊಂಡು ಹೊಳೆಯ ಹರಿವಿನ ಜೊತೆ ಕೆಳಕ್ಕೆ ಹೊರಟ. ಎರಡೂ ದಡದಲ್ಲಿ ಮೊಂಗೋಲರು ಬೆನ್ನಟ್ಟಿದರು. ಬನಾಕತ್ ಎಂಬಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ್ದ ಸರಪಳಿಯನ್ನು ಕಡಿದು ಮುಂದೆ ಹೋದ. ಇನ್ನೂ ಕೆಳಗೆ ದೋಣಿಗಳ ಸೇತುವೆ ಹಾಕಿ ಕಾಯುತ್ತಿದ್ದಾರೆ ಎಂದು ತಿಳಿದಾಗ ದಡ ಹತ್ತಿ ಕುದುರೆ ಏರಿದ. ಜೊತೆಗಿದ್ದವರು ಒಬ್ಬೊಬ್ಬರಾಗಿ ಸತ್ತರು, ಅವನೊಬ್ಬ ಅಮು ದರ್ಯಾದ ಕೆಳಭಾಗದ ಖ್ವಾರಿಜ್ಮ್ ನಾಡು ತಲುಪಿದ.

ಇದರಲ್ಲಿ ಎಷ್ಟು ನಿಜ, ಎಷ್ಟು ಬಣ್ಣ ಎಂದು ಬಿಡಿಸುವುದು ಕಷ್ಟ. ಐವತ್ತು ಸಾವಿರ ಎಂಬಂಥ ದುಂಡು ಸಂಖ್ಯೆಗಳನ್ನು ಆ ಕಾಲದ ಬರಹಗಾರರು ಧಾರಾಳವಾಗಿ ಬಳಸುತ್ತಾರೆ. ಆದರೆ ಇಲ್ಲಿನ ಜನಕ್ಕೆ ನದಿ ಬೆಳೆಗೆ ನೀರಷ್ಟೇ ಅಲ್ಲ, ಕೋಟೆಯ ಕಂದಕವೂ ಹೌದು, ತಪ್ಪಿಸಿಕೊಳ್ಳುವ ದಾರಿಯೂ ಹೌದು ಎಂಬುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಬಾಬರ್ ಕಂಡ ಖುಜಂದ್

ದೆಹಲಿಯಲ್ಲಿ ಮೊಘಲ್ ಆಳ್ವಿಕೆ ಆರಂಭಿಸಿದ ಬಾಬರ್ ಇದೇ ಫರ್ಗಾನಾ ಕಣಿವೆಯವನು. 1483ರಲ್ಲಿ ಅಂದಿಜಾನ್‌ನಲ್ಲಿ ಹುಟ್ಟಿದ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಸಮರ್ಕಂದ್ ಗೆದ್ದು ಕೆಲವೇ ತಿಂಗಳಲ್ಲಿ ಅದನ್ನೂ ಕಳೆದುಕೊಂಡ, ಅಷ್ಟರಲ್ಲಿ ಅಂದಿಜಾನ್ ಕೂಡ ದಾಯಾದಿಗಳ ಪಾಲಾಗಿತ್ತು. ಆಗ ಕೈಯಲ್ಲಿ ಉಳಿದದ್ದು ಖುಜಂದ್ ಮಾತ್ರ. ಇದು ಪುಟ್ಟ ಜಾಗ, ಇನ್ನೂರು ಆಳುಗಳನ್ನು ಸಾಕುವುದೂ ಕಷ್ಟ ಎಂದು ಆತ್ಮಕಥೆಯಲ್ಲಿ ಬೇಸರದಿಂದ ಬರೆದುಕೊಂಡಿದ್ದಾನೆ.

ಆದರೂ ಅವನ ಕಣ್ಣು ಸೂಕ್ಷ್ಮ. ಕೋಟೆ ಎತ್ತರದ ಮೇಲಿದೆ, ನದಿ ಅದರ ಉತ್ತರಕ್ಕೆ ಒಂದು ಬಾಣದ ದೂರದಲ್ಲಿ ಹರಿಯುತ್ತದೆ ಎನ್ನುತ್ತಾನೆ. ಖುಜಂದ್‌ನ ದಾಳಿಂಬೆ ಸಮರ್ಕಂದ್‌ನ ಸೇಬಿನಷ್ಟೇ ಹೆಸರುವಾಸಿ ಎಂದು ಹೊಗಳಿ, ಬೇಟೆಗೆ ಒಳ್ಳೆಯ ಜಾಗ ಎಂದು ಸೇರಿಸುತ್ತಾನೆ. ಹವೆ ಮಾತ್ರ ಕೆಟ್ಟದ್ದು. ಶರತ್ಕಾಲದಲ್ಲಿ ಇಲ್ಲಿ ಎಷ್ಟು ಜ್ವರ ಎಂದರೆ ಗುಬ್ಬಚ್ಚಿಗಳಿಗೂ ಜ್ವರ ಬರುತ್ತದಂತೆ ಎಂದು ಜನರ ಮಾತನ್ನು ದಾಖಲಿಸುತ್ತಾನೆ. ಇಲ್ಲಿಯವನೇ ಆದ ಕವಿ ಕಮಾಲ್ ಖುಜಂದಿಯ ಹೆಸರನ್ನೂ ಮರೆಯುವುದಿಲ್ಲ. ಕಮಾಲ್ 14ನೇ ಶತಮಾನದ ಘಜಲ್ ಕವಿ, ಬಾಳಿನ ಹೆಚ್ಚಿನ ಕಾಲ ಕಳೆದದ್ದು ಇರಾನಿನ ತಬ್ರೀಜ್‌ನಲ್ಲಿ.

ಕನ್ನಡಿಗರಿಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದು ಅದೇ ಆತ್ಮಕಥೆಯಲ್ಲಿದೆ. ತಾನು ಬಂದಾಗ ಹಿಂದುಸ್ತಾನದಲ್ಲಿ ಯಾರು ಯಾರು ಆಳುತ್ತಿದ್ದರು ಎಂದು ಪಟ್ಟಿ ಕೊಡುವಾಗ, ಮುಸ್ಲಿಮೇತರ ರಾಜರಲ್ಲಿ ನೆಲದಲ್ಲೂ ಸೈನ್ಯದಲ್ಲೂ ದೊಡ್ಡವನು ವಿಜಯನಗರದ ಅರಸ ಎಂದು ಬಾಬರ್ ಬರೆಯುತ್ತಾನೆ. ಆಗ ಅಲ್ಲಿ ಪಟ್ಟದಲ್ಲಿದ್ದವನು ಕೃಷ್ಣದೇವರಾಯ.

ರಷ್ಯನ್ನರು ಬಂದದ್ದು

ಬಾಬರನ ಕಾಲದಿಂದ 19ನೇ ಶತಮಾನದ ನಡುವಿನ ಕಥೆ ಉದ್ದವಾದರೂ ಸಾರ ಚಿಕ್ಕದು. ಕಣಿವೆಯೊಳಗೆ ಕೋಕಂದ್ ಎಂಬ ಸಂಸ್ಥಾನ ಬೆಳೆಯಿತು, ಹೊರಗೆ ಬುಖಾರಾ ಇತ್ತು. ಇವೆರಡರ ನಡುವೆ ಖುಜಂದ್ ಹಲವು ಸಲ ಕೈ ಬದಲಾಯಿಸಿತು. 1866ರ ಮೇ ತಿಂಗಳಲ್ಲಿ ರಷ್ಯಾದ ಸೈನ್ಯ ಬುಖಾರಾದ ಪಡೆಯನ್ನು ಸೋಲಿಸಿ, ಹಿಂದೆಯೇ ಖುಜಂದ್‌ಗೆ ಮುತ್ತಿಗೆ ಹಾಕಿ ಗೆದ್ದಿತು. ಇದರಿಂದ ಬುಖಾರಾ ಮತ್ತು ಕೋಕಂದ್‌ಗಳ ನೇರ ಸಂಪರ್ಕ ಕಡಿದುಹೋಯಿತು. ಹತ್ತು ವರ್ಷದಲ್ಲಿ ಕೋಕಂದ್ ಸಂಸ್ಥಾನವೇ ಇಲ್ಲವಾಯಿತು.

ರಷ್ಯನ್ನರಿಗೆ ಬೇಕಿದ್ದದ್ದು ಹತ್ತಿ. ಕಣಿವೆಯ ಹತ್ತಿಯನ್ನು ಗಿರಣಿಗಳಿಗೆ ಸಾಗಿಸಲು 19ನೇ ಶತಮಾನದ ಕೊನೆಯಲ್ಲಿ ಅಂದಿಜಾನ್‌ವರೆಗೆ ರೈಲು ಬಂತು. ಹಳಿ ಖುಜಂದ್ ಒಳಗೆ ಹೋಗದೆ ಹೊರಗಿನಿಂದ ಹಾದುಹೋಯಿತು. ಹಾಗಾಗಿ ಊರಿನ ರೈಲು ನಿಲ್ದಾಣ ಇಂದಿಗೂ ಸುಮಾರು ಹತ್ತು ಕಿ.ಮೀ. ದೂರದ ಗಫುರೋವ್‌ನಲ್ಲಿದೆ.

ಮೊದಲ ಮಹಾಯುದ್ಧದಲ್ಲಿ ಜನ ಸಾಲದೆ, ಮಧ್ಯ ಏಷ್ಯಾದ ಗಂಡಸರನ್ನು ಸೈನ್ಯದ ಹಿಂದೆ ಕೂಲಿ ಕೆಲಸಕ್ಕೆ ಕಳಿಸಬೇಕು ಎಂದು 1916ರಲ್ಲಿ ಝಾರ್ ಆಜ್ಞೆ ಹೊರಡಿಸಿದ. ಪಟ್ಟಿ ಮಾಡಲು ಬಂದವರ ವಿರುದ್ಧ ಜುಲೈನಲ್ಲಿ ಮೊದಲು ಸಿಡಿದದ್ದು ಖುಜಂದ್. ಕಲ್ಲು ತೂರಿದ ಗುಂಪಿನ ಮೇಲೆ ಗುಂಡು ಹಾರಿತು, ಜನ ಸತ್ತರು. ಮುಂದಿನ ವಾರಗಳಲ್ಲಿ ದಂಗೆ ಇಡೀ ಪ್ರದೇಶಕ್ಕೆ ಹರಡಿತು.

1929ರಲ್ಲಿ ಗಡಿ ಯಾಕೆ ಬದಲಾಯಿತು?

ಇಂದಿನ ತೊಡಕಿನ ಬೇರು ಇಲ್ಲಿದೆ. 1917ರ ರಷ್ಯಾ ಕ್ರಾಂತಿಯಾದ ಮೇಲೆ ಅಧಿಕಾರಕ್ಕೆ ಬಂದ ಕಮ್ಯುನಿಸ್ಟರು, ಅಂದರೆ ಬೋಲ್ಷೆವಿಕರು, ಮಧ್ಯ ಏಷ್ಯಾವನ್ನು ಜನಾಂಗಕ್ಕೊಂದು ಗಣರಾಜ್ಯ ಎಂಬ ಲೆಕ್ಕದಲ್ಲಿ 1924ರಲ್ಲಿ ವಿಂಗಡಿಸಿದರು. ಹೇಳುವುದು ಸುಲಭ, ಫರ್ಗಾನಾದಂಥ ಕಡೆ ಮಾಡುವುದು ಹೇಗೆ? ಒಂದೇ ಊರಿನಲ್ಲಿ ಪೇಟೆಯವರು ತಾಜಿಕ್ ಮಾತಾಡುತ್ತಿದ್ದರು, ಸುತ್ತಲಿನ ಹಳ್ಳಿಯವರು ಉಜ್ಬೆಕ್, ಬೆಟ್ಟದಲ್ಲಿ ಕುರಿ ಮೇಯಿಸುವವರು ಕಿರ್ಗಿಜ್. ತಾಜಿಕ್, ಉಜ್ಬೆಕ್ ಎರಡೂ ಭಾಷೆ ಸಲೀಸಾಗಿ ಆಡುವ ಮನೆಗಳೇ ಎಷ್ಟೋ. ನೀನು ಯಾವ ಜನಾಂಗ ಎಂದು ಕೇಳಿದರೆ ಊರಿನ ಹೆಸರು ಹೇಳುವವರೂ ಇದ್ದರು.

ಮೊದಲ ವಿಂಗಡಣೆಯಲ್ಲಿ ತಜಕಿಸ್ತಾನ ಸ್ವತಂತ್ರ ಗಣರಾಜ್ಯವಾಗಿರಲಿಲ್ಲ, ಉಜ್ಬೇಕಿಸ್ತಾನದೊಳಗಿನ ಸ್ವಾಯತ್ತ ಭಾಗವಾಗಿತ್ತು. ಅದಕ್ಕೆ ಸಿಕ್ಕಿದ್ದು ಬಹುಪಾಲು ಬೆಟ್ಟ. ಖುಜಂದ್ ಉಜ್ಬೇಕಿಸ್ತಾನದ ನೇರ ಆಡಳಿತದಲ್ಲೇ ಇತ್ತು. 1929ರಲ್ಲಿ ತಜಕಿಸ್ತಾನವನ್ನು ಪೂರ್ಣ ಗಣರಾಜ್ಯದ ದರ್ಜೆಗೆ ಏರಿಸಲು ಮಾಸ್ಕೋ ತೀರ್ಮಾನಿಸಿದಾಗ, ಬರೀ ಬೆಟ್ಟ ಕೊಟ್ಟರೆ ಆ ರಾಜ್ಯ ತನ್ನ ಕಾಲ ಮೇಲೆ ನಿಲ್ಲದು ಎಂಬುದು ಸ್ಪಷ್ಟವಿತ್ತು. ಜನಸಂಖ್ಯೆ, ನೀರಾವರಿ ಭೂಮಿ, ರೈಲು, ಓದುಬರಹ ಬಲ್ಲ ಪೇಟೆ ಇವೆಲ್ಲ ಇದ್ದದ್ದು ಖುಜಂದ್‌ನಲ್ಲಿ. ಅದನ್ನು ತಜಕಿಸ್ತಾನಕ್ಕೆ ಸೇರಿಸಿದರು. ಹೆಚ್ಚಾಗಿ ತಾಜಿಕ್ ಮಾತಾಡುತ್ತಿದ್ದ ಸಮರ್ಕಂದ್, ಬುಖಾರಾ ಮಾತ್ರ ಉಜ್ಬೇಕಿಸ್ತಾನದಲ್ಲೇ ಉಳಿದವು. ಆ ಅಸಮಾಧಾನ ತಾಜಿಕರಲ್ಲಿ ಇನ್ನೂ ಆರಿಲ್ಲ.

ಜನರನ್ನು ಒಡೆದು ಆಳಲೆಂದೇ ಸ್ಟಾಲಿನ್ ಹೀಗೆ ಅಡ್ಡಾದಿಡ್ಡಿ ಗೆರೆ ಎಳೆದ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಕಡತಗಳನ್ನು ನೋಡಿದ ಇತಿಹಾಸಕಾರರು ಹೇಳುವುದು ಇಷ್ಟು ಸರಳವಾಗಿಲ್ಲ. ಸ್ಥಳೀಯ ಕಮ್ಯುನಿಸ್ಟ್ ನಾಯಕರೇ ಒಂದೊಂದು ಊರಿಗೆ, ಒಂದೊಂದು ಕಾಲುವೆಗೆ ಪಟ್ಟು ಹಿಡಿದು ಚೌಕಾಸಿ ಮಾಡಿದ್ದರು. ಗೆರೆ ಅಂಕುಡೊಂಕಾದದ್ದಕ್ಕೆ ಆ ಎಳೆದಾಟವೂ ಕಾರಣ. ಎಲ್ಲವೂ ಒಂದೇ ದೇಶದೊಳಗಿದ್ದ ಕಾರಣ ಆಗ ಅದು ಯಾರಿಗೂ ದೊಡ್ಡ ತೊಂದರೆಯಾಗಲಿಲ್ಲ.

ಗೆರೆ ಎಳೆದ ಪರಿಣಾಮ ನಕ್ಷೆಯಲ್ಲಿ ವಿಚಿತ್ರವಾಗಿ ಕಾಣುತ್ತದೆ. ಉಜ್ಬೇಕಿಸ್ತಾನದ ಪಾಲಿನ ಫರ್ಗಾನಾ ಕಣಿವೆಯಿಂದ ಅದರ ರಾಜಧಾನಿ ತಾಷ್ಕೆಂಟ್‌ಗೆ ಹೋಗುವ ಸಪಾಟು ದಾರಿ ಖುಜಂದ್ ಮೂಲಕ, ಅಂದರೆ ಈಗ ಬೇರೆ ದೇಶದ ಮೂಲಕ. ಖುಜಂದ್‌ನಿಂದ ತಜಕಿಸ್ತಾನದ ರಾಜಧಾನಿ ದುಶಾಂಬೆಗೆ ಹೋಗಲು ಎರಡು ದೊಡ್ಡ ಬೆಟ್ಟಸಾಲು ದಾಟಬೇಕು. ಅನ್ಜೋಬ್ ಕಣಿವೆದಾರಿ ಇರುವುದು 3,372 ಮೀಟರ್ ಎತ್ತರದಲ್ಲಿ, ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುತ್ತಿತ್ತು. ಆಗ ಸ್ವಂತ ರಾಜಧಾನಿಗೆ ಹೋಗಲು ಉಜ್ಬೇಕಿಸ್ತಾನವನ್ನು ಸುತ್ತಿ ಹೋಗಬೇಕು, ಇಲ್ಲವೇ ವಿಮಾನ ಹತ್ತಬೇಕು. ಇರಾನ್ ಕಟ್ಟಿದ ಅನ್ಜೋಬ್ ಸುರಂಗ 2006ರಲ್ಲಿ, ಚೀನಾದವರು ಕಟ್ಟಿದ ಶಹ್ರಿಸ್ತಾನ್ ಸುರಂಗ 2012ರಲ್ಲಿ ತೆರೆದ ಮೇಲಷ್ಟೇ ವರ್ಷವಿಡೀ ರಸ್ತೆ ಸಿಕ್ಕಿತು. ಅನ್ಜೋಬ್ ಸುರಂಗದೊಳಗೆ ಮೊದಲ ವರ್ಷಗಳಲ್ಲಿ ದೀಪವಿಲ್ಲ, ಗಾಳಿಯಿಲ್ಲ, ನೆಲದಲ್ಲಿ ನೀರು ನಿಂತು ಗುಂಡಿಬಿದ್ದ ರಸ್ತೆ. ಚಾಲಕರು ಅದನ್ನು ಸಾವಿನ ಸುರಂಗ ಎಂದೇ ಕರೆಯುತ್ತಿದ್ದರು.

ಲೆನಿನಾಬಾದ್

1936ರಲ್ಲಿ ಊರಿನ ಹೆಸರು ಲೆನಿನಾಬಾದ್ ಆಯಿತು. ಇಲ್ಲಿ ರೇಷ್ಮೆ ಬಟ್ಟೆಯ ಭಾರೀ ಗಿರಣಿ ಬಂತು. ಅದಕ್ಕಿಂತ ಮುಖ್ಯವಾದ, ಆದರೆ ಹೊರಗೆ ಯಾರೂ ಮಾತಾಡದ ಕಾರ್ಖಾನೆ ಪಕ್ಕದ ಚ್ಕಾಲೋವ್ಸ್ಕ್‌ನಲ್ಲಿತ್ತು. ಆ ಊರಿಗೆ ಈಗ ಬೂಸ್ತಾನ್ ಎಂಬ ಹೆಸರು. 1945ರಲ್ಲಿ ಆರಂಭವಾದ ಈ ಕಾರ್ಖಾನೆಯಲ್ಲಿ ಸುತ್ತಲಿನ ಬೆಟ್ಟಗಳ ಯುರೇನಿಯಂ ಅದಿರನ್ನು ಸಂಸ್ಕರಿಸುತ್ತಿದ್ದರು. 1949ರಲ್ಲಿ ಸೋವಿಯತ್ ಒಕ್ಕೂಟ ಸಿಡಿಸಿದ ಮೊದಲ ಅಣುಬಾಂಬಿಗೆ ಇಲ್ಲಿಂದಲೂ ಯುರೇನಿಯಂ ಹೋಗಿತ್ತು. ಅದರ ವಿಕಿರಣಯುಕ್ತ ತ್ಯಾಜ್ಯದ ದಿಬ್ಬಗಳು ಇಂದಿಗೂ ಊರಿನ ಆಸುಪಾಸಿನಲ್ಲಿವೆ.

ರೈಲು, ಕಾರ್ಖಾನೆ, ಶಾಲೆ ಎಲ್ಲ ಮೊದಲು ಬಂದದ್ದರಿಂದ ರಾಜ್ಯದ ಅಧಿಕಾರವೂ ಲೆನಿನಾಬಾದಿನವರ ಕೈಗೆ ಬಂತು. 1940ರ ದಶಕದಿಂದ ಸೋವಿಯತ್ ಕಾಲ ಮುಗಿಯುವವರೆಗೆ ತಜಕಿಸ್ತಾನದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರೆಲ್ಲ ಈ ಕಡೆಯವರೇ. ಮೊದಲಿಗರಾದ ಬೋಬೊಜಾನ್ ಗಫುರೋವ್ ಸ್ವತಃ ಇತಿಹಾಸಕಾರರು. ಮೇಲೆ ಹೇಳಿದ ರೈಲು ನಿಲ್ದಾಣದ ಊರಿಗೆ ಅವರದ್ದೇ ಹೆಸರು. ‘ಲೆನಿನಾಬಾದ್ ಆಳುತ್ತದೆ, ಕುಲ್ಯಾಬ್ ಕಾಯುತ್ತದೆ, ಕುರ್ಗಾನ್-ತ್ಯೂಬೆ ಉಳುತ್ತದೆ, ಪಾಮೀರ್ ಕುಣಿಯುತ್ತದೆ’ ಎಂದು ದೇಶದ ನಾಲ್ಕು ಭಾಗಗಳಿಗೆ ಒಂದೊಂದು ಕೆಲಸ ಹಂಚುವ ಧಾಟಿಯ ಗಾದೆ ತಜಕಿಸ್ತಾನದಲ್ಲಿ ಬಳಕೆಯಲ್ಲಿತ್ತು. ಕೇಳುವವರಿಗೆ ನಗು, ಆಳಿಸಿಕೊಂಡವರಿಗೆ ಸಿಟ್ಟು.

1991ರಲ್ಲಿ ದೇಶ ಸ್ವತಂತ್ರವಾಯಿತು, ಊರಿಗೆ ಹಳೆಯ ಹೆಸರು ಮರಳಿತು. ಮರುವರ್ಷವೇ ಆ ಸಿಟ್ಟು, ಧರ್ಮ, ಪ್ರಾಂತ್ಯ, ಪಕ್ಷ ಎಲ್ಲ ಕಲಸಿಹೋಗಿ ಅಂತರ್ಯುದ್ಧ ಹೊತ್ತಿತು. 1997ರವರೆಗೆ ನಡೆದ ಅದರಲ್ಲಿ ಹತ್ತಾರು ಸಾವಿರ ಜನ ಸತ್ತರು. ಕಾದಾಟ ಹೆಚ್ಚಾಗಿ ದಕ್ಷಿಣದಲ್ಲಿ. ಬೆಟ್ಟಗಳ ಈಚೆಗಿದ್ದ ಖುಜಂದ್ ಬಹುಮಟ್ಟಿಗೆ ಶಾಂತವಾಗಿತ್ತು. ಅದಕ್ಕೇ 1992ರ ನವೆಂಬರ್‌ನಲ್ಲಿ ಸಂಸತ್ತು ರಾಜಧಾನಿ ಬಿಟ್ಟು ಖುಜಂದ್ ಹತ್ತಿರದ ಅರ್ಬೋಬ್ ಅರಮನೆಯಲ್ಲಿ ಸೇರಿತು. ಅರಮನೆ ಎಂದರೂ ಅದು ಅರಸರದ್ದಲ್ಲ, ಒಂದು ಸಾಮೂಹಿಕ ಕೃಷಿ ಕ್ಷೇತ್ರದ ಅಧ್ಯಕ್ಷ ಸೋವಿಯತ್ ಕಾಲದಲ್ಲಿ ಕಟ್ಟಿಸಿದ ಭವನ. ಅಲ್ಲಿ ಸಂಸತ್ತಿನ ಮುಖ್ಯಸ್ಥರಾಗಿ ಆಯ್ಕೆಯಾದವರು ಕುಲ್ಯಾಬ್ ಕಡೆಯ ಇಮೊಮಲಿ ರಹ್ಮಾನ್. ಇಂದಿನ ಅಧ್ಯಕ್ಷರು ಅವರೇ. ಖುಜಂದ್‌ನವರು ತಮ್ಮೂರಿನ ಸಭೆಯಲ್ಲೇ ಅಧಿಕಾರ ಬಿಟ್ಟುಕೊಟ್ಟಂತಾಯಿತು.

ಮಧ್ಯ ಏಷ್ಯಾದಲ್ಲೇ ಎತ್ತರದ್ದು ಎನ್ನಲಾಗುತ್ತಿದ್ದ ಸುಮಾರು 22 ಮೀಟರ್ ಎತ್ತರದ ಲೆನಿನ್ ಪ್ರತಿಮೆ ನದಿ ದಂಡೆಯಲ್ಲೇ 2011ರವರೆಗೂ ನಿಂತಿತ್ತು. ಈಗ ಆ ಜಾಗದಲ್ಲಿ 9-10ನೇ ಶತಮಾನದ ಅರಸ ಇಸ್ಮಾಯಿಲ್ ಸೊಮೋನಿ ನಿಂತಿದ್ದಾನೆ. ಲೆನಿನ್‌ನನ್ನು ಒಡೆಯದೆ ಊರ ಹೊರಗಿನ ಉದ್ಯಾನಕ್ಕೆ ಸಾಗಿಸಿದರು.

ಗಡಿ ಜಗಳ ನೀರಿನ ಜಗಳ

ಸೋವಿಯತ್ ಕಾಲದ ಒಳಗೆರೆಗಳು 1991ರಲ್ಲಿ ಒಮ್ಮೆಲೇ ಅಂತರರಾಷ್ಟ್ರೀಯ ಗಡಿಗಳಾದವು. ಉಜ್ಬೇಕಿಸ್ತಾನ ತಜಕಿಸ್ತಾನದ ಗಡಿಗೆ ನೆಲಬಾಂಬು ಹೂತಿತು, ವೀಸಾ ಹೇರಿತು. ಅಕ್ಕಪಕ್ಕದ ಊರುಗಳಲ್ಲಿದ್ದ ನೆಂಟರು ಮದುವೆಗೂ ಸಾವಿಗೂ ಹೋಗಲಾಗದೆ ಉಳಿದರು. 2016ರಲ್ಲಿ ತಾಷ್ಕೆಂಟ್‌ನಲ್ಲಿ ಅಧ್ಯಕ್ಷರು ಬದಲಾದ ಮೇಲೆ ಬಿಗಿ ಸಡಿಲವಾಗಿ, 2018ರಲ್ಲಿ ವೀಸಾ ರದ್ದಾಯಿತು.

ಕಿರ್ಗಿಸ್ತಾನದ ಜೊತೆಗಿನ ಗಡಿ ಇದಕ್ಕಿಂತ ಕಗ್ಗಂಟು. ಖುಜಂದ್ ಇರುವ ಸುಗ್ದ್ ಪ್ರಾಂತ್ಯದ್ದೇ ಆದ ವೋರುಖ್ ಎಂಬ ಪ್ರದೇಶದ ಸುತ್ತ ನಾಲ್ಕೂ ಕಡೆ ಕಿರ್ಗಿಸ್ತಾನ. ಹೀಗೆ ಒಂದು ದೇಶದ ತುಂಡು ಇನ್ನೊಂದರೊಳಗೆ ದ್ವೀಪದಂತೆ ಉಳಿದರೆ ರಸ್ತೆ ಯಾರದ್ದು, ಹುಲ್ಲುಗಾವಲು ಯಾರದ್ದು, ಕಾಲುವೆಯ ಬಾಗಿಲು ತಿರುಗಿಸುವವರು ಯಾರು ಎಂಬುದೆಲ್ಲ ತಕರಾರಾಗುತ್ತದೆ. 2021ರ ಏಪ್ರಿಲ್‌ನಲ್ಲಿ ಇಸ್ಫಾರಾ ನದಿಯಿಂದ ಕಾಲುವೆಗಳಿಗೆ ನೀರು ಹಂಚುವ ಒಂದು ಕಟ್ಟೆಯ ಬಳಿ ಆರಂಭವಾದ ಕಲ್ಲು ತೂರಾಟ ಎರಡು ಸೈನ್ಯಗಳ ಕಾಳಗವಾಗಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಹೊತ್ತಿಕೊಂಡಾಗ ಸತ್ತವರು ನೂರಕ್ಕೂ ಹೆಚ್ಚು. ಆ ಬಳಿಕವೇ ಎರಡೂ ಸರ್ಕಾರಗಳು ಪಟ್ಟಾಗಿ ಕುಳಿತು, ಸುಮಾರು ಸಾವಿರ ಕಿ.ಮೀ. ಗಡಿಯನ್ನು ಒಂದೊಂದೇ ತುಂಡು ಮಾತಾಡಿ ಮುಗಿಸಿ, 2025ರ ಮಾರ್ಚ್ 13ರಂದು ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ಸಹಿ ಹಾಕಿದವು. ಖುಜಂದ್‌ನ ಸಭೆ ನಡೆದದ್ದು ಅದಾದ ಹದಿನೆಂಟು ದಿನಕ್ಕೆ.

ನದಿಯ ಲೆಕ್ಕ

ಗಡಿ ಇತ್ಯರ್ಥವಾದರೂ ಸಿರ್ ದರ್ಯಾ ನೀರಿನ ಹಂಚಿಕೆ ಪ್ರತಿವರ್ಷದ ಕೆಲಸ. ಅದು ಹೇಗೆ ಎಂದು ತಿಳಿಯಲು ಎರಡು ಅಣೆಕಟ್ಟುಗಳನ್ನು ನೋಡಬೇಕು.

ಮೇಲೆ, ಕಿರ್ಗಿಸ್ತಾನದ ನರೀನ್ ನದಿಗೆ ಟೊಕ್ಟೊಗುಲ್ ಅಣೆಕಟ್ಟು ಇದೆ. ಸುಮಾರು 19.5 ಘನ ಕಿ.ಮೀ. ನೀರು ಹಿಡಿಯುವ ಸಾಮರ್ಥ್ಯ. ಕಿರ್ಗಿಸ್ತಾನದಲ್ಲಿ ತೈಲ, ಅನಿಲ ಕಡಿಮೆ, ಚಳಿಗಾಲ ಕಡುಚಳಿ. ಮನೆ ಬೆಚ್ಚಗಿಡಲು ಚಳಿಗಾಲದಲ್ಲಿ ನೀರು ಬಿಟ್ಟು ವಿದ್ಯುತ್ ಉತ್ಪಾದಿಸಬೇಕು. ಕೆಳಗಿನ ಉಜ್ಬೇಕಿಸ್ತಾನ, ಕಜಕಸ್ತಾನಗಳಿಗೆ ನೀರು ಬೇಕಿರುವುದು ಬೇಸಿಗೆಯಲ್ಲಿ, ಹತ್ತಿ ಮತ್ತು ಇತರ ಬೆಳೆಗೆ. ಚಳಿಗಾಲದಲ್ಲಿ ಬಂದರೆ ಅದು ಅವರಿಗೆ ಪ್ರವಾಹ. ಸೋವಿಯತ್ ಕಾಲದಲ್ಲಿ ಮಾಸ್ಕೋ ಹೇಳಿದ ಹಾಗೆ ನಡೆಯುತ್ತಿತ್ತು: ಬೇಸಿಗೆಯಲ್ಲಿ ಕಿರ್ಗಿಸ್ತಾನ ನೀರು ಬಿಡುವುದು, ಚಳಿಗಾಲದಲ್ಲಿ ಕೆಳಗಿನವರು ಕಲ್ಲಿದ್ದಲು, ಅನಿಲ ಕಳಿಸುವುದು. 1991ರ ನಂತರ ಅನಿಲಕ್ಕೆ ದುಡ್ಡು ಕೇಳತೊಡಗಿದರು, ನೀರಿಗೆ ಯಾರೂ ದುಡ್ಡು ಕೊಡಲಿಲ್ಲ.

ಎರಡನೆಯದು ಖುಜಂದ್‌ನ ಪೂರ್ವಕ್ಕೆ, ಊರಿಗಿಂತ ತುಸು ಮೇಲೆ ಇರುವ ಕೈರಾಕ್ಕುಂ ಅಣೆಕಟ್ಟು. 1956ರಲ್ಲಿ ಆರಂಭವಾದ ಇದರ ಜಲಾಶಯ ತುಂಬಿದಾಗ ಐದು ನೂರು ಚದರ ಕಿ.ಮೀ. ಹರಡುತ್ತದೆ. ಸಮುದ್ರವಿಲ್ಲದ ದೇಶದವರು ಇದನ್ನು ತಾಜಿಕ್ ಸಮುದ್ರ ಎಂದು ಕರೆಯುತ್ತಾರೆ, ಈಗಿನ ಅಧಿಕೃತ ಹೆಸರೂ ಅದೇ ಅರ್ಥದ ‘ಬಹ್ರಿ ತೋಜಿಕ್’. ದಡದ ಹಲವು ಹಳೆಯ ನೆಲೆಗಳು ಅದರಡಿ ಮುಳುಗಿವೆ. ಫರ್ಗಾನಾದಿಂದ ಬರುವ ನೀರೆಲ್ಲ ಇಲ್ಲಿ ನಿಂತು ಮುಂದೆ ಹೋಗಬೇಕಾದ್ದರಿಂದ, ಕಣಿವೆಯ ಹೊರಗಿನ ಹೊಲಗಳಿಗೆ ಯಾವ ತಿಂಗಳು ಎಷ್ಟು ನೀರು ಎಂಬುದರಲ್ಲಿ ಈ ಕಟ್ಟೆಯ ಗೇಟುಗಳಿಗೂ ಪಾಲಿದೆ. ಖುಜಂದ್‌ನಿಂದ ಕೆಳಕ್ಕೆ ಉಜ್ಬೇಕಿಸ್ತಾನದ ಗಡಿಯಲ್ಲಿ 1948ರ ಫರ್ಹಾದ್ ಅಣೆಕಟ್ಟು. ಅಲ್ಲಿ ಕಟ್ಟೆ ಯಾರದ್ದು, ನೆಲ ಯಾರದ್ದು ಎಂಬ ವಾದ ಎರಡು ದೇಶಗಳ ನಡುವೆ ವರ್ಷಗಟ್ಟಲೆ ನಡೆಯಿತು.

ಇದೇ ನೀರನ್ನು ಹತ್ತಿಗೆ ತಿರುಗಿಸುತ್ತಾ ಹೋದದ್ದರಿಂದ 1960ರ ದಶಕದಿಂದ ಕೆಳತುದಿಯ ಅರಲ್ ಸಮುದ್ರ ಒಣಗುತ್ತಾ ಬಂತು. ಒಂದು ಕಾಲಕ್ಕೆ ಜಗತ್ತಿನ ನಾಲ್ಕನೇ ದೊಡ್ಡ ಸರೋವರ ಅದು. 2005ರಲ್ಲಿ ಕಜಕಸ್ತಾನ ಕೋಕ್-ಅರಲ್ ಒಡ್ಡು ಕಟ್ಟಿ ಸಿರ್ ದರ್ಯಾ ಸೇರುವ ಉತ್ತರದ ತುಂಡನ್ನಷ್ಟೇ ಉಳಿಸಿಕೊಂಡಿತು.

ಈಚಿನ ವರ್ಷಗಳಲ್ಲಿ ತಜಕಿಸ್ತಾನ, ಉಜ್ಬೇಕಿಸ್ತಾನ, ಕಜಕಸ್ತಾನದ ಅಧಿಕಾರಿಗಳು ಬೇಸಿಗೆಗೆ ಮುಂಚೆ ಕುಳಿತು, ಜೂನ್‌ನಿಂದ ಆಗಸ್ಟ್‌ವರೆಗೆ ಬಹ್ರಿ ತೋಜಿಕ್‌ನಿಂದ ಎಷ್ಟು ನೀರು ಬಿಡಬೇಕು ಎಂದು ಬರೆದು ಸಹಿ ಹಾಕುತ್ತಾರೆ.